ಕೊಕ್ಕರೆ ವಿಮಾನದ ಮುಯ್ಯಿ

ಸಾಯುತ್ತಿರುವ ವಿಮಾನ ಕಂಪನಿಯ ಟಿಕೆಟ್ಟು ಕೊಳ್ಳುವುದು ಹೇಗೆಂದು ಕಿಶಿನೌ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಜಂಬ ಅಂದುಕೊಳ್ಳಿ, ನನಗೇನೂ ಬೇಸರವಿಲ್ಲ. ಬಸ್ ನಿಲ್ದಾಣದ ಎದುರು, ಬೀಗದ ಕೈ ಮಾಡುವವನ ಅಂಗಡಿಯ ಪಕ್ಕ ಒಂದು ಮೇಜು, ಒಂದು ಕಂಪ್ಯೂಟರು ಇಟ್ಟುಕೊಂಡು ಹತ್ತೊಂಬತ್ತು ವರ್ಷ ಟಿಕೆಟ್ಟು ಮಾರಿದವಳು ನಾನು. ಹೆಸರು ಜಿನಾಯಿದಾ. ರೋಮಿಗೆ ಹಾಸಿಗೆ ಹಿಡಿದವರ ಸೇವೆಗೆ ಹೋದ ಹೆಂಗಸರು, ಲಿಸ್ಬನ್ನಿಗೆ ಗಾರೆ ಕೆಲಸಕ್ಕೆ ಹೋದ ಗಂಡಸರು, ಅರ್ಧ ದೇಶ ನನ್ನ ಮೇಜಿನ ಮುಂದಿನಿಂದಲೇ ಹೊರಗೆ ಹೋಗಿದೆ.

ಆ ವರ್ಷ ಸಾಯುತ್ತಿದ್ದದ್ದು ಬಾಲದ ಮೇಲೆ ಕೊಕ್ಕರೆ ಚಿತ್ರವಿದ್ದ ಕಂಪನಿ. ಅದರ ನಿಜ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಕೊಕ್ಕರೆಯೇ. ಸಿಬ್ಬಂದಿಗೆ ಮೂರು ತಿಂಗಳಿಂದ ಸಂಬಳವಿರಲಿಲ್ಲ, ವಿಮಾನದಲ್ಲಿ ಕಾಫಿ ಕೊಡುವುದು ನಿಂತಿತ್ತು, ಆದರೆ ಚಳಿಗಾಲ ಮುಗಿಯುತ್ತಲೇ ಕೊಕ್ಕರೆಗೆ ಹೊಸ ಬಣ್ಣ ಬಳಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇಂಥ ಕಂಪನಿ ಕೈಗೆ ಕಾಸು ಸಿಗಲೆಂದು ಟಿಕೆಟ್ಟನ್ನು ಸಿಕ್ಕ ಬೆಲೆಗೆ ಬಿಡುತ್ತದೆ. ತಿಂಗಳು ಮುಂಚೆ ಕೊಂಡವನು ಮೂರ್ಖ. ಎರಡು ದಿನ ಮುಂಚೆ, ಆ ವಾರ ಅದು ಹಾರುತ್ತಿದೆಯೆಂದು ಖಾತ್ರಿ ಮಾಡಿಕೊಂಡು ಕೊಂಡವನು ಜಾಣ. ಸಂಜೆ ಸಂತೆಯಲ್ಲಿ ತರಕಾರಿ ಕೊಂಡ ಹಾಗೆ.

ಖಾತ್ರಿ ಮಾಡಿಕೊಳ್ಳಲು ನನಗೊಬ್ಬ ಮೈದುನನಿದ್ದ, ಪ್ರೊಫಿರ್. ವಿಮಾನಗಳಿಗೆ ಎಣ್ಣೆ ತುಂಬುವ ಲಾರಿಯ ಚಾಲಕ. ಎಣ್ಣೆ ಕಂಪನಿಯವರು ಕೊಕ್ಕರೆಗೆ ಸಾಲ ಕೊಡುವುದನ್ನು ಯಾವತ್ತೋ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಕೊಕ್ಕರೆಯ ಆಫೀಸಿನವನೊಬ್ಬ ಕರಿ ಚರ್ಮದ ಬ್ಯಾಗಿನಲ್ಲಿ ನಗದು ತಂದು ಎಣಿಸಿದ ಮೇಲೆಯೇ ಪ್ರೊಫಿರನ ಲಾರಿ ಅಲ್ಲಾಡುತ್ತಿತ್ತು. ನಾನು ಫೋನು ಮಾಡಿ, "ಬ್ಯಾಗು ಬಂತಾ?" ಎಂದು ಕೇಳುವುದು, ಅವನು "ಬಂತು ಅತ್ಗೆ" ಅನ್ನುವುದು, ನಾನು ಆ ದಿನದ ವ್ಯಾಪಾರ ಶುರು ಮಾಡುವುದು. ಹೀಗೆ ನಲವತ್ತಕ್ಕೂ ಹೆಚ್ಚು ಜನರನ್ನು ಅಗ್ಗದಲ್ಲಿ ದಾಟಿಸಿದ್ದೆ, ಒಬ್ಬರೂ ಹಿಂದೆ ಉಳಿದಿರಲಿಲ್ಲ.

ಈಸ್ಟರ್ ಮುಗಿದ ವಾರದ ಶನಿವಾರ ರೊದಿಕಾ ಬಂದಳು. ನಾನು ಅವಳ ನನಾಶ. ಅಂದರೆ ಅವಳ ಮದುವೆಯಲ್ಲಿ ಪಕ್ಕದಲ್ಲಿ ನಿಂತು ತಲೆಯ ಮೇಲೆ ಕಿರೀಟ ಹಿಡಿದವಳು. ನಮ್ಮಲ್ಲಿ ಕಿರೀಟ ಹಿಡಿದವರು ಆ ಜೋಡಿಗೆ ಸಾಯುವ ತನಕ ತಂದೆತಾಯಿ ಇದ್ದ ಹಾಗೆ. ನನ್ನ ಗಂಡ ತೀರಿಕೊಂಡ ಮೇಲೆ ಆ ಜವಾಬ್ದಾರಿ ಪೂರ್ತಿ ನನ್ನದೇ. ರೊದಿಕಾಳ ಗಂಡ ಮಾಸ್ಕೋಗೆ ಗಾರೆ ಕೆಲಸಕ್ಕೆ ಹೋದವನು ಹಿಂದಿರುಗಲಿಲ್ಲ, ಅಲ್ಲೇ ಯಾರನ್ನೋ ಕಟ್ಟಿಕೊಂಡ. ಹಿಂದಿನ ಶರತ್ಕಾಲದಲ್ಲಿ ಅವಳ ತಾಯಿಯೂ ಹೋದಳು. ಮೂರು ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೊಮ್ಮೆ ಅವಳಿಗೆ ಇಟಲಿಯ ಕೆಲಸದ ವೀಸಾ ಸಿಕ್ಕಿತ್ತು. ಬೊಲೋನ್ಯಾ ಊರಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ.

ಆ ವೀಸಾದ ಕೊನೆಯ ದಿನ ಮಂಗಳವಾರ. ಮಂಗಳವಾರ ನಡುರಾತ್ರಿಯೊಳಗೆ ಪಾಸ್‌ಪೋರ್ಟಿನ ಮೇಲೆ ಇಟಲಿಯವರ ಮುದ್ರೆ ಬೀಳದಿದ್ದರೆ ಮೂರು ವರ್ಷದ ಕಾಯುವಿಕೆ ಕಸಕ್ಕೆ. ಮೊದಲೇ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ನಮ್ಮವರು ಯಾರೂ ಕೇಳುವುದಿಲ್ಲ. ಸೋಮವಾರ ಸತ್ತವರ ಈಸ್ಟರು. ತಾಯಿ ಸತ್ತ ಮೇಲೆ ಬರುವ ಮೊದಲನೆಯ ಸತ್ತವರ ಈಸ್ಟರಿಗೆ ಗೋರಿಯ ಮೇಲೆ ಬಟ್ಟೆ ಹಾಸಿ, ಊಟ ಇಟ್ಟು, ಅವಳ ಹೆಸರಿನಲ್ಲಿ ನಾಲ್ಕು ಜನಕ್ಕೆ ಕೊಡದೆ ಮಗಳು ದೇಶ ಬಿಟ್ಟು ಹೋಗುವುದುಂಟೇ? ಇಟಲಿಯಿಂದ, ಸ್ಪೇನಿನಿಂದ ಜನ ಅದೊಂದು ದಿನಕ್ಕಾಗಿ ಊರಿಗೆ ಬರುತ್ತಾರೆ. ಅವರೆಲ್ಲ ಮಂಗಳವಾರವೇ ಹಿಂದಿರುಗುವುದರಿಂದ ಆ ದಿನ ಟಿಕೆಟ್ಟಿಗೆ ಬೆಂಕಿ ಬಿದ್ದಿರುತ್ತದೆ. ಬಸ್ಸು ಗಡಿಗಳಲ್ಲಿ ನಿಂತು ನಿಂತು ಎರಡು ರಾತ್ರಿ ತೆಗೆದುಕೊಳ್ಳುತ್ತಿತ್ತು, ಅದು ಆಗದ ಮಾತು.

ರೊದಿಕಾ ಹೊಲಿಗೆ ಯಂತ್ರ ಮಾರಿದ ನೂರ ನಲವತ್ತು ಯೂರೋ ನನ್ನ ಮೇಜಿನ ಮೇಲಿಟ್ಟಳು. ನಾನು ನೋಡಿದೆ. ಒಳ್ಳೆಯ ಕಂಪನಿಯಲ್ಲಿ ನಾಲ್ಕೇ ಸೀಟು ಉಳಿದಿದ್ದವು, ಒಂದಕ್ಕೆ ಮುನ್ನೂರ ತೊಂಬತ್ತು. ಕೊಕ್ಕರೆಯಲ್ಲಿ ತೊಂಬತ್ತೈದು.

ಅವಳು ಕೊಕ್ಕರೆ ಖಂಡಿತ ಹಾರುತ್ತದೆಯೇ ಎಂದು ಕೇಳಿದಳು. ಪ್ರೊಫಿರನಿಗೆ ಅವಳ ಎದುರೇ ಫೋನು ಮಾಡಿದೆ. ಬ್ಯಾಗು ಬಂದಿತ್ತು. ಆದರೂ ಅವಳ ಮುಖ ಅರಳಲಿಲ್ಲ. ಇನ್ನೊಂದು ಇನ್ನೂರೈವತ್ತು ಇದ್ದಿದ್ದರೆ ಒಳ್ಳೆಯದರಲ್ಲೇ ಹೋಗುತ್ತಿದ್ದೆ, ಈ ಒಂದು ಸಲ ಮಾತ್ರ ನನಗೆ ಧೈರ್ಯವಿಲ್ಲ ಅಂದಳು. ಕೇಳಲಿಲ್ಲ, ಅಂದಳು ಅಷ್ಟೇ. ರೊದಿಕಾ ಯಾವತ್ತೂ ಬಾಯಿಬಿಟ್ಟು ಕೇಳಿದವಳಲ್ಲ.

ನನ್ನ ಮುಂದಿನ ಮೂರು ಹಲ್ಲು ಬಿದ್ದು ಎರಡು ವರ್ಷವಾಗಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿಯಾಗಿಬಿಟ್ಟಿತ್ತು. ಹಲ್ಲು ಕಟ್ಟಿಸಿಕೊಳ್ಳಲು ಕೂಡಿಡುತ್ತಿದ್ದೇನೆಂದು ಬೀಗದ ಅಂಗಡಿಯವನಿಗೂ ಗೊತ್ತು, ರೊದಿಕಾಗೂ ಗೊತ್ತು. ಗುರುವಾರ ದಂತವೈದ್ಯ ಬರಹೇಳಿದ್ದ. ಆ ಲಕೋಟೆ ನನ್ನ ಕೈಚೀಲದಲ್ಲಿತ್ತು, ಕೈಚೀಲ ಮೇಜಿನ ಕೆಳಗೆ ನನ್ನ ಕಾಲಿಗೆ ತಾಗಿಕೊಂಡಿತ್ತು. ನಾನು ನಕ್ಕೆ, ಬಾಯಿಗೆ ಕೈ ಹಿಡಿದು. "ನಾನಿರುವಾಗ ನಿಂಗ್ಯಾಕೆ ಹುಡುಗಿ ಯೋಚನೆ? ಇನ್ನೂರೈವತ್ತು ಗಾಳಿಗೆ ತೂರೋಕೆ ನಾವೇನು ಮಂತ್ರಿ ಮನೆಯವರಾ?" ಅಂದೆ. ತೊಂಬತ್ತೈದರ ಟಿಕೆಟ್ಟು ಮುದ್ರಿಸಿಕೊಟ್ಟೆ.

ಸೋಮವಾರ ಇಬ್ಬರೂ ಊರಿನ ಸ್ಮಶಾನಕ್ಕೆ ಹೋದೆವು. ಎಲ್ಲವೂ ಕ್ರಮವಾಗಿ ನಡೆಯಿತು. ಅಲ್ಲಿಂದಲೂ ಪ್ರೊಫಿರನಿಗೆ ಫೋನು ಮಾಡಿದೆ. ಬ್ಯಾಗು ಬಂದಿತ್ತು.

ಮಂಗಳವಾರ ಹನ್ನೊಂದಕ್ಕೆ ವಿಮಾನ. ನಾವು ಎಂಟೂವರೆಗೇ ನಿಲ್ದಾಣದಲ್ಲಿದ್ದೆವು. ಹಾಲಿನ ತುಂಬ ಊರಿಂದ ಹಿಂದಿರುಗುವವರು. ಟೇಪು ಸುತ್ತಿದ ಡಬ್ಬಗಳಲ್ಲಿ ಗಿಣ್ಣು, ನೀರಿನ ಬಾಟಲಿಗಳಲ್ಲಿ ಮನೆಯ ವೈನು, ಕೆಂಪು ಬಣ್ಣ ಹಾಕಿದ ಮೊಟ್ಟೆ. ಒಳ್ಳೆಯ ಕಂಪನಿಯ ಸಾಲು ಚುರುಕಾಗಿ ಸರಿದು ಒಳಗೆ ಹೋಯಿತು. ಕೊಕ್ಕರೆಯ ಸಾಲು ನಿಂತಲ್ಲೇ ನಿಂತಿತ್ತು. ಗಾಜಿನಾಚೆ ವಿಮಾನವೇನೋ ಇತ್ತು. ಅದರ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಪ್ರೊಫಿರನಿಗೆ ಫೋನು ಹಚ್ಚಿದೆ.

"ಅತ್ಗೆ, ಇವತ್ತು ಬ್ಯಾಗು ಬಂದಿಲ್ಲ," ಅಂದ.

ತಡವಾಗಿರಬಹುದು ಅಂದೆ. ತಡವಲ್ಲ, ಬ್ಯಾಗು ತರುವವನ ಫೋನೇ ಸತ್ತಿದೆ, ಆಫೀಸಿಗೆ ಬೀಗ ಹಾಕಿದೆ ಅಂದ. ರೊದಿಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಒಳ್ಳೆಯ ಕಂಪನಿಯ ಕಿಟಕಿಗೆ ಓಡಿದೆ. ಆ ನಾಲ್ಕು ಸೀಟು ಶನಿವಾರ ಮಧ್ಯಾಹ್ನವೇ ಹೋಗಿದ್ದವು. ವಿಯೆನ್ನಾ ಮೂಲಕ, ಇಸ್ತಾಂಬುಲ್ ಮೂಲಕ, ಎಲ್ಲ ಕೇಳಿದೆ. ಆ ದಿನ ಸಾವಿರ ಕೊಟ್ಟರೂ ಸೀಟಿಲ್ಲ ಅಂದರು. ಆ ಕಿಟಕಿಯ ಹುಡುಗಿ ನನ್ನನ್ನು ಬಲ್ಲವಳು, ನೋಡಿ ಸಣ್ಣಗೆ ನಕ್ಕಳು. ಬೇರೆ ದಿನವಾಗಿದ್ದರೆ ಅವಳ ಗ್ರಹಚಾರ ಬಿಡಿಸುತ್ತಿದ್ದೆ.

ಹನ್ನೊಂದಾಯಿತು, ಹನ್ನೆರಡಾಯಿತು. ಜನ ಮೊದಲು ಬೈದರು, ಆಮೇಲೆ ಡಬ್ಬಗಳ ಮೇಲೆ ಕೂತು ಮೊಟ್ಟೆ ಸುಲಿದರು. ಹನ್ನೆರಡೂವರೆಗೆ ಕೊಕ್ಕರೆಯ ಕ್ಯಾಪ್ಟನ್ನೇ ಹೊರಗೆ ಬಂದ. ಐವತ್ತು ದಾಟಿದ ಮನುಷ್ಯ, ಕಣ್ಣು ಕೆಂಪಗೆ. ಏನೂ ಮುಚ್ಚಿಡಲಿಲ್ಲ. ವಿಮಾನ ಸರಿಯಾಗಿದೆ, ನಾವು ಸಿಬ್ಬಂದಿ ಆರು ಜನ ತಯಾರಿದ್ದೇವೆ, ಬೊಲೋನ್ಯಾ ತಲುಪುವಷ್ಟು ಎಣ್ಣೆಗೆ ಐದು ಸಾವಿರದ ಇನ್ನೂರು ಯೂರೋ ಬೇಕು, ಅದು ಕಂಪನಿಯ ಹತ್ತಿರ ಇಲ್ಲ ಅಂದ. ಹೋದ ವಾರ ತನ್ನ ಸ್ವಂತ ಕಾರ್ಡಿನಿಂದ ಕೊಟ್ಟಿದ್ದನಂತೆ, ಈಗ ಅದೂ ಖಾಲಿ. ಮೂರೂವರೆಯ ಹೊತ್ತಿಗೆ ನೆಲ ಬಿಡದಿದ್ದರೆ ತಮ್ಮ ಕೆಲಸದ ಗಂಟೆ ಮುಗಿಯುತ್ತದೆ, ಆಮೇಲೆ ಎಣ್ಣೆ ಬಂದರೂ ಕಾನೂನು ಬಿಡುವುದಿಲ್ಲ ಎಂದು ಹೇಳಿ, ಟೋಪಿ ತೆಗೆದು ಅಲ್ಲೇ ನಿಂತ.

ಗಿಣ್ಣಿನ ಡಬ್ಬದ ಮೇಲೆ ಕೂತಿದ್ದ ತುಪ್ಪಳದ ಟೋಪಿಯ ಮುದುಕನೊಬ್ಬ, "ನಾಳೆ ಚಕ್ರಕ್ಕೆ ಗಾಳೀನೂ ನಾವೇ ಊದ್ಬೇಕಾ?" ಅಂದ. ಕೆಲವರು ನಕ್ಕರು.

ನನಗೆ ನಗು ಬರಲಿಲ್ಲ. ಐದು ಸಾವಿರ, ನೂರ ಅರವತ್ತು ತಲೆ. ನಮ್ಮ ಮದುವೆಗಳಲ್ಲಿ ಇದಕ್ಕಿಂತ ಹೆಚ್ಚು ಒಂದು ಗಂಟೆಯಲ್ಲಿ ಕೂಡುತ್ತದೆ. ಊಟದ ಕೊನೆಯಲ್ಲಿ ಕಸೂತಿ ಬಟ್ಟೆ ಹಾಸಿದ ತಟ್ಟೆ ಮೇಜಿನಿಂದ ಮೇಜಿಗೆ ಹೋಗುತ್ತದೆ, ಯಾರು ಎಷ್ಟು ಮುಯ್ಯಿ ಹಾಕಿದರೆಂದು ಒಬ್ಬ ಗಟ್ಟಿಯಾಗಿ ಕೂಗುತ್ತಾನೆ. ನಾಚಿಕೆಗೆ ಬಿದ್ದು ಜನ ಕೊಡುತ್ತಾರೆ. ರೊದಿಕಾಳ ಚೀಲದಲ್ಲಿ ನಿನ್ನೆ ಗೋರಿಯ ಮೇಲೆ ಹಾಸಿದ್ದ ಅವಳ ತಾಯಿಯ ಕಸೂತಿ ಬಟ್ಟೆ ಇತ್ತು. ಅದನ್ನು ತೆಗೆದು ಕಾಫಿ ಅಂಗಡಿಯ ತಟ್ಟೆಯ ಮೇಲೆ ಹಾಸಿದೆ. ನಡುವೆ ನಿಂತು, ಇದು ಮದುವೆ ಅಂದುಕೊಳ್ಳಿ, ಈ ಹುಡುಗಿ ಇವತ್ತು ದಾಟದಿದ್ದರೆ ಮೂರು ವರ್ಷ ಮಣ್ಣಾಗುತ್ತದೆ, ನೀವೂ ನಾಳೆ ಕೆಲಸಕ್ಕೆ ಹೋಗಬೇಕಾದವರು ಎಂದು ಕೂಗಿದೆ. ಮೊದಲ ಮುಯ್ಯಿ ನನ್ನದೇ ಎಂದು ಇಪ್ಪತ್ತು ಯೂರೋ ಹಾಕಿದೆ.

ತಟ್ಟೆ ಹಾಲನ್ನೆಲ್ಲ ಸುತ್ತಿತು. ಐದು, ಹತ್ತು, ಐದು. ಒಬ್ಬ ಎರಡು ಯೂರೋ ನಾಣ್ಯ ಹಾಕಿ ಮುಖ ತಿರುಗಿಸಿದ. ಕ್ಯಾಪ್ಟನ್ ಟಿಕೆಟ್ಟು ಕಿಟಕಿಯ ಕಟ್ಟೆಯ ಮೇಲೆ ದುಡ್ಡು ಹರಡಿ ಎಣಿಸಿದ. ಸಾವಿರದ ನೂರು. ಗಡಿಯಾರದಲ್ಲಿ ಒಂದೂ ಕಾಲು. ನಾನು ಜನರ ಮೇಲೆ ಹರಿಹಾಯ್ದೆ, ಗೋರಿಗೆ ಸುರಿಯುವ ವೈನಿಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತೀರಿ ಅಂದೆ. ಟೋಪಿಯ ಮುದುಕ ಎದ್ದು ನಿಂತ.

"ಈ ಹುಡುಗಿಗೆ ನೀನೇನಾ ನನಾಶ?" ಎಂದು ಕೇಳಿದ.

ಹೌದು ಅಂದೆ.

"ನನಾಶ ಇಪ್ಪತ್ತು ಹಾಕಿದ ಮದುವೇಲಿ ನಾನ್ಯಾಕಮ್ಮ ಐವತ್ತು ಹಾಕ್ಲಿ?"

ಯಾರೂ ನಗಲಿಲ್ಲ. ಅವನು ಹೇಳಿದ್ದು ಗಾದೆಯಷ್ಟೇ ನಿಜ. ಕಿರೀಟ ಹಿಡಿದವರು ಎಷ್ಟು ಹಾಕುತ್ತಾರೋ ಮದುವೆ ಅಷ್ಟೇ ದೊಡ್ಡದಾಗುತ್ತದೆ. ಅದು ನನಗೆ ಗೊತ್ತಿಲ್ಲದ್ದೇ? ರೊದಿಕಾಳ ಮದುವೆಯಲ್ಲೇ ನಾನು ಮತ್ತು ನನ್ನ ಗಂಡ ಸಾಲ ಮಾಡಿ ಹಾಕಿದ್ದೆವು. ಗೊತ್ತಿದ್ದೂ ಇಪ್ಪತ್ತರ ನೋಟು ತೆಗೆದ ನನ್ನ ಕೈಯನ್ನು ನೋಡಿ ನನಗೇ ಅಸಹ್ಯವಾಯಿತು. ಕೈಚೀಲ ಭುಜದಲ್ಲೇ ಇತ್ತು. ರೊದಿಕಾ ಒಂದು ಪಕ್ಕಕ್ಕೆ ನಿಂತು ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಲಕೋಟೆ ತೆಗೆದೆ. ಹರಿದೆ. ನೂರರ ಮೂರು ನೋಟುಗಳನ್ನು ಎಲ್ಲರಿಗೂ ಕಾಣುವ ಹಾಗೆ ಒಂದೊಂದಾಗಿ ತಟ್ಟೆಯಲ್ಲಿಟ್ಟೆ.

"ನನಾಶ ಜಿನಾಯಿದಾಳ ಮುಯ್ಯಿ, ಮುನ್ನೂರು ಯೂರೋ," ಎಂದು ನಾನೇ ಕೂಗಿದೆ.

ಮುದುಕ ಟೋಪಿ ತೆಗೆದ. ಐವತ್ತರ ನೋಟು ಇಟ್ಟು ತನ್ನ ಹೆಸರು ಹೇಳಿದ, ಊರು ಹೇಳಿದ. ನಾನು ಕೂಗಿದೆ. ಅವನ ಹಿಂದೆ ಇಬ್ಬರು ಅಕ್ಕತಂಗಿಯರು ಎಂಬತ್ತು ಹಾಕಿದರು. ಎರಡು ಯೂರೋ ಹಾಕಿದ್ದವನೂ ವಾಪಸು ಬಂದು, ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ನಲವತ್ತು ಇಟ್ಟ. ಆದರೆ ಎಲ್ಲರೂ ಹಾಗಿರಲಿಲ್ಲ. ಒಬ್ಬ ದಪ್ಪನೆಯವನು ಇದು ಮೋಸ, ದುಡ್ಡು ತಿಂದು ಹಾರುವುದಿಲ್ಲ ಎಂದು ಕೂಗಾಡಿ ಸಾಮಾನು ಎತ್ತಿಕೊಂಡು ಹೋದ, ಅವನ ಹಿಂದೆ ಏಳೆಂಟು ಜನ ಹೋದರು. ಒಂದೂ ಮುಕ್ಕಾಲಿಗೆ ನಾಲ್ಕು ಸಾವಿರದ ಮುನ್ನೂರು. ತಟ್ಟೆ ಮತ್ತೆ ಹೊರಟಿತು. ನನ್ನ ಗಂಟಲು ಕೂತುಹೋಗಿತ್ತು, ಮುದುಕನೇ ಹೆಸರು ಕೂಗಿದ. ಕೊನೆಯಲ್ಲಿ ಇನ್ನೂರು ಕಡಿಮೆ ಬಿತ್ತು. ದುಡ್ಡು ಒಯ್ಯಲು ನಾನು ಫೋನು ಮಾಡಿ ಕರೆಸಿದ್ದ ಪ್ರೊಫಿರನ ಕೈಗೆ ಕ್ಯಾಪ್ಟನ್ ತನ್ನ ಕೈಗಡಿಯಾರ ಬಿಚ್ಚಿಟ್ಟು, ಇದನ್ನು ನಿನ್ನ ಸಾಹೇಬರಿಗೆ ಅಡವು ಕೊಡು ಅಂದ.

ಪ್ರೊಫಿರ್ ದುಡ್ಡನ್ನು ಬಟ್ಟೆಯಲ್ಲೇ ಗಂಟು ಕಟ್ಟಿಕೊಂಡು ಓಡಿದ. ಜೀವಮಾನದಲ್ಲಿ ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎರಡು ಗಂಟೆ ಏಳು ನಿಮಿಷಕ್ಕೆ ಅವನ ಲಾರಿ ಕೊಕ್ಕರೆಯ ರೆಕ್ಕೆಯ ಕೆಳಗೆ ನಿಂತಿತು. ಸಾಲು ಒಮ್ಮೆಲೇ ಮುಂದಕ್ಕೆ ನುಗ್ಗಿತು, ಜನ ತಬ್ಬಿಕೊಂಡರು, ಯಾರೋ ವೈನು ಬಾಟಲಿ ತೆರೆದರು.

ರೊದಿಕಾ ಮಾತ್ರ ನುಗ್ಗಲಿಲ್ಲ. ತಪಾಸಣೆಯ ಬಾಗಿಲಿನ ಹತ್ತಿರ ನನ್ನ ಎದುರಿಗೆ ನಿಂತಳು.

"ನನಾಶಾ, ಅದು ಹಲ್ಲಿನ ದುಡ್ಡಲ್ವಾ?"

"ಹೂಂ."

"ಶನಿವಾರಾನೂ ನಿಮ್ಮ ಚೀಲದಲ್ಲೇ ಇತ್ತಾ?"

ಪ್ರೊಫಿರನಿಗೆ ಸಾಲ ಕೊಟ್ಟಿದ್ದೆ, ಇವತ್ತು ಬೆಳಿಗ್ಗೆ ವಾಪಸು ಬಂತು ಎನ್ನಬಹುದಿತ್ತು. ನಂಬುತ್ತಿದ್ದಳು. ಹತ್ತೊಂಬತ್ತು ವರ್ಷ ಮೇಜಿನ ಹಿಂದೆ ಕೂತವಳಿಗೆ ಸುಳ್ಳು ಹುಡುಕಿಕೊಂಡು ಹೋಗಬೇಕಾಗಿಲ್ಲ, ತಾನಾಗಿ ನಾಲಿಗೆಗೆ ಬರುತ್ತದೆ. ಅವಳ ಕಣ್ಣು ನೋಡಿ ಆಗಲಿಲ್ಲ.

"ಇತ್ತು," ಅಂದೆ.

ಅವಳು ತಲೆಯಾಡಿಸಿದಳು. ಬಗ್ಗಿ, ಪದ್ಧತಿಯ ಪ್ರಕಾರ ನನ್ನ ಕೈಗೆ ಮುತ್ತಿಟ್ಟಳು. ಅದರಲ್ಲಿ ಒಂದು ಕೊರತೆಯೂ ಇರಲಿಲ್ಲ. ಆಮೇಲೆ ತಿರುಗಿ ನೋಡದೆ ಒಳಗೆ ಹೋದಳು. ಮೂರು ಇಪ್ಪತ್ತಾರಕ್ಕೆ ಕೊಕ್ಕರೆ ನೆಲ ಬಿಟ್ಟಿತು. ನಾನು ಗಾಜಿಗೆ ಹಣೆಯಿಟ್ಟು ಅತ್ತೆ. ಸಮಾಧಾನಕ್ಕೆ ಅತ್ತೆನೆಂದು ಲಾರಿ ಬಿಟ್ಟು ಬಂದಿದ್ದ ಪ್ರೊಫಿರ್ ಅಂದುಕೊಂಡ.

ಆರೂ ಮುಕ್ಕಾಲಿಗೆ ಫೋನಿಗೆ ಎರಡೇ ಪದ ಬಂದವು: ಮುದ್ರೆ ಬಿತ್ತು.

ಅದೇ ಕೊಕ್ಕರೆಯ ಕೊನೆಯ ಹಾರಾಟ. ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಬೊಲೋನ್ಯಾದಲ್ಲೇ ವಿಮಾನವನ್ನು ಹಿಡಿದಿಟ್ಟರು. ಮರುದಿನ ನನ್ನ ಮೇಜಿನ ಮುಂದೆ ಹನ್ನೊಂದು ಜನ ಕೊಕ್ಕರೆಯ ಟಿಕೆಟ್ಟು ಹಿಡಿದು ನಿಂತಿದ್ದರು. ಅವರು ಅಂದದ್ದನ್ನೆಲ್ಲ ಅನ್ನಿಸಿಕೊಂಡೆ. ಗುರುವಾರ ದಂತವೈದ್ಯನಿಗೆ ಫೋನು ಮಾಡಿ ಬರುವುದಿಲ್ಲ ಅಂದೆ.

ವರ್ಷವಿಡೀ ರೊದಿಕಾ ಹಬ್ಬಕ್ಕೊಮ್ಮೆ ಫೋನು ಮಾಡಿದಳು. ಮುದುಕಿ ಒಳ್ಳೆಯವಳು, ಊಟ ಚೆನ್ನಾಗಿದೆ, ನಿಮ್ಮ ಮಂಡಿನೋವು ಹೇಗಿದೆ. ಶನಿವಾರದ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವರ್ಷದ ಸತ್ತವರ ಈಸ್ಟರಿಗೆ ಬಂದಳು, ಒಳ್ಳೆಯ ಕಂಪನಿಯ ವಿಮಾನದಲ್ಲಿ. ಟಿಕೆಟ್ಟು ಎಷ್ಟಾಯಿತೆಂದು ನನಗೆ ಹೇಳಲಿಲ್ಲ, ಎಲ್ಲಿ ಕೊಳ್ಳಲೆಂದು ಕೇಳಿರಲೂ ಇಲ್ಲ.

ಸ್ಮಶಾನದಲ್ಲಿ ಅದೇ ಕಸೂತಿ ಬಟ್ಟೆ ಹಾಸಿದ್ದಳು. ಪ್ರೊಫಿರ್ ಅದನ್ನು ಒಗೆಸಿ ಅವಳಿಗೆ ಕಳಿಸಿದ್ದ. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಸತ್ತವಳ ಹೆಸರಿನಲ್ಲಿ ಕೊಡುವುದು ಶುರುವಾಯಿತು. ಮೊದಲನೆಯದು ನನಾಶಳಿಗೇ ಸಲ್ಲಬೇಕು. ರೊದಿಕಾ ಗೋರಿಯ ಆಚೆ ನಿಂತು, ಮಣ್ಣಿನ ಮೇಲಿಂದ ಕೈ ಚಾಚಿ, ಜಡೆಯಂತೆ ಹೆಣೆದು ಬೇಯಿಸಿದ ದೊಡ್ಡ ಬ್ರೆಡ್ಡು, ಅದರಲ್ಲಿ ಚುಚ್ಚಿದ ಉರಿಯುವ ಮೇಣದಬತ್ತಿ, ಒಂದು ಬಟ್ಟಲು ನನ್ನ ಕೈಗಿಟ್ಟಳು. ಬಟ್ಟಲೊಳಗೆ ನೂರರ ಮೂರು ನೋಟುಗಳನ್ನು ಸುರುಳಿ ಸುತ್ತಿ ಇಟ್ಟಿದ್ದಳು.

ಮುಯ್ಯಿಯನ್ನು ನಮ್ಮಲ್ಲಿ ಹಾಗೆ ಹಿಂದಕ್ಕೆ ಕೊಡುವಂತಿಲ್ಲ. ಕೊಟ್ಟವರ ಮನೆಯಲ್ಲಿ ಮದುವೆಯೋ ನಾಮಕರಣವೋ ಆಗುವ ತನಕ ಕಾಯಬೇಕು. ಮಕ್ಕಳಿಲ್ಲದ ನನ್ನ ಮನೆಯಲ್ಲಿ ಇನ್ನು ಯಾವ ಮದುವೆ. ನೇರವಾಗಿ ಕೊಟ್ಟಿದ್ದರೆ ಮುಖದ ಮೇಲೆ ಎಸೆದು ಜಗಳವಾಡುತ್ತಿದ್ದೆ, ಅತ್ತು ಕರೆದು ಕ್ಷಮೆಯನ್ನೂ ಕೇಳುತ್ತಿದ್ದೆನೇನೋ. ಆದರೆ ಗೋರಿಯ ಮೇಲಿಂದ ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ಇವೆರಡೂ ಅವಳಿಗೆ ಗೊತ್ತಿತ್ತು.

"ಅಮ್ಮನ ಹೆಸರಲ್ಲಿ, ನನಾಶಾ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹಲ್ಲು ಕಟ್ಟಿಸ್ಕೊಳ್ಳಿ."

ಸುತ್ತ ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ತೆಗೆದುಕೊಂಡವರು ಹೇಳಬೇಕಾದ ಮಾತು ಒಂದೇ, ಸತ್ತವಳನ್ನು ದೇವರು ಕ್ಷಮಿಸಲಿ ಎಂದು. ಹೇಳಿದೆ. ಬ್ರೆಡ್ಡು ಮತ್ತು ಬಟ್ಟಲಿನಿಂದ ಎರಡೂ ಕೈ ತುಂಬಿದ್ದರಿಂದ ಬಾಯಿಗೆ ಅಡ್ಡ ಹಿಡಿಯಲು ಕೈಯಿರಲಿಲ್ಲ. ರೊದಿಕಾ ನನ್ನ ಬಾಯನ್ನು ಒಮ್ಮೆ ನೋಡಿ, ಎರಡನೆಯ ಬ್ರೆಡ್ಡನ್ನು ತೆಗೆದುಕೊಂಡು ಪ್ರೊಫಿರನ ಕಡೆಗೆ ತಿರುಗಿದಳು.